ಸ್ಪಾಟಿಂಗ್ ಸ್ಕೋಪ್: ಬೇಟೆಯ ಸಾಧನ, ಕೆರೆದಂಡೆಯ ಬಳಕೆ

ಸ್ಪಾಟಿಂಗ್ ಸ್ಕೋಪ್ ಎಂದರೆ ಟ್ರೈಪಾಡ್ ಮೇಲೆ ಕೂರಿಸಿ ಒಂದೇ ಕಣ್ಣಿನಿಂದ ನೋಡುವ ಸಣ್ಣ ದೂರದರ್ಶಕ. ಆಕಾಶ ನೋಡುವ ದೂರದರ್ಶಕದಲ್ಲಿ ಬಿಂಬ ತಲೆಕೆಳಗಾದರೂ ನಡೆಯುತ್ತದೆ, ಇದರಲ್ಲಿ ನಡೆಯದು. ಆದ್ದರಿಂದ ಒಳಗೆ ಪಟ್ಟಕಗಳನ್ನಿಟ್ಟು ಬಿಂಬವನ್ನು ನೆಟ್ಟಗೆ ಮಾಡಿರುತ್ತಾರೆ. ಸಾಮಾನ್ಯ ಬೈನಾಕ್ಯುಲರ್ 8 ಅಥವಾ 10 ಪಟ್ಟು ದೊಡ್ಡದಾಗಿ ತೋರಿಸಿದರೆ ಸ್ಕೋಪು 20ರಿಂದ 60 ಪಟ್ಟು ತೋರಿಸುತ್ತದೆ. 20 ಪಟ್ಟಿನಲ್ಲಿ ನೋಡಿದಾಗ ಒಂದು ಕಿಲೋಮೀಟರ್ ಆಚೆಯ ಹಕ್ಕಿ 50 ಮೀಟರ್ ದೂರದಲ್ಲಿ ನಿಂತಂತಿರುತ್ತದೆ. ಬಂದೂಕಿನ ಮೇಲೆ ಬಿಗಿಯುವ ರೈಫಲ್ ಸ್ಕೋಪ್ ಬೇರೆಯೇ ವಸ್ತು. ಅದು ಗುರಿ ಹಿಡಿಯುವುದಕ್ಕೆ, ಇದು ಗುರುತು ಹಿಡಿಯುವುದಕ್ಕೆ.

ಈ ಉಪಕರಣವನ್ನು ಬೆಳೆಸಿದವರು ಹೆಚ್ಚಾಗಿ ಬೇಟೆಗಾರರು, ಸೈನಿಕರು, ಗುರಿ ಹೊಡೆಯುವ ಸ್ಪರ್ಧೆಯವರು. ಇಂದಿಗೂ ಅಮೆರಿಕ, ಯುರೋಪಿನ ಎಷ್ಟೋ ಕಂಪನಿಗಳ ಜಾಹೀರಾತಿನಲ್ಲಿ ಗುಡ್ಡದ ನೆತ್ತಿಯ ಬೇಟೆಗಾರನೇ ಕೂತಿರುತ್ತಾನೆ. ವಿಜಯನಗರ ಜಿಲ್ಲೆಯ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ತಂಬ್ರಹಳ್ಳಿ ಸೀಮೆಯಲ್ಲಿ ಆ ಗಿರಾಕಿಗೆ ಜಾಗವಿಲ್ಲ, ಕಾನೂನು ಅದಕ್ಕೆ ಅವಕಾಶ ಕೊಡುವುದಿಲ್ಲ. ಆದರೆ ಸ್ಕೋಪಿಗೆ ಕೆಲಸ ಇಲ್ಲಿ ಧಾರಾಳವಾಗಿದೆ. ಒಂದು ಕಡೆ ತುಂಗಭದ್ರಾ ಹಿನ್ನೀರು, ಇನ್ನೊಂದು ಕಡೆ ಅಂಕಸಮುದ್ರದ ಕೆರೆ. ಕಡಿಮೆ ದುಡ್ಡಿಗೆ ಒಳ್ಳೆಯ ಸ್ಕೋಪ್ ಯಾವುದು ಎಂಬ ಬೇಟೆಗಾರನ ಹಳೆಯ ಪ್ರಶ್ನೆಗೆ ಈ ನೀರಿನ ದಂಡೆಯಲ್ಲಿ ಬೇರೆಯೇ ಉತ್ತರ ಸಿಗುತ್ತದೆ.

ಬೇಟೆ ಮತ್ತು ಕಾನೂನು

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮೊದಮೊದಲು ಕೆಲವು ಪ್ರಾಣಿಗಳ ಬೇಟೆಗೆ ಲೈಸೆನ್ಸ್ ಪಡೆಯುವ ದಾರಿಯನ್ನು ಉಳಿಸಿಕೊಂಡಿತ್ತು. 1991ರ ತಿದ್ದುಪಡಿ ಆ ದಾರಿಯನ್ನೂ ಮುಚ್ಚಿತು. ಕಾಯ್ದೆಯಲ್ಲಿ ಬೇಟೆ ಎಂಬುದರ ಹರವು ದೊಡ್ಡದು: ಕೊಲ್ಲುವುದರ ಜೊತೆಗೆ ಬಲೆ ಹಾಕುವುದು, ಉರುಲು ಒಡ್ಡುವುದು, ಅಟ್ಟಿಸಿಕೊಂಡು ಹೋಗುವುದು, ಹಕ್ಕಿಯ ಗೂಡು ಮೊಟ್ಟೆ ಕೆಡಿಸುವುದು, ಇದಕ್ಕೆಲ್ಲ ಪ್ರಯತ್ನಿಸುವುದೂ ಅದರಲ್ಲಿ ಸೇರುತ್ತದೆ. ಮೊಲಕ್ಕೆ ಉರುಲು, ಕೌಜುಗಕ್ಕೆ ಬಲೆ ಹಾಕುವ ಹಳೇ ರೂಢಿ ಬಯಲುಸೀಮೆಯಲ್ಲಿ ಯಾರಿಗೂ ಹೊಸದಲ್ಲ. ಅದೂ ಅಪರಾಧವೇ.

ಕರ್ನಾಟಕದ ಶಿಕಾರಿಯ ಕಾಲದಲ್ಲಿಯೂ ಸ್ಕೋಪಿನ ಬಳಕೆ ಇದ್ದದ್ದು ಅಷ್ಟಕ್ಕಷ್ಟೆ. ಕೆದಂಬಾಡಿ ಜತ್ತಪ್ಪ ರೈಗಳ ‘ಬೇಟೆಯ ನೆನಪುಗಳು’ ಓದಿದವರಿಗೆ, ಪೂರ್ಣಚಂದ್ರ ತೇಜಸ್ವಿ ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ ಕತೆಗಳನ್ನು ಓದಿದವರಿಗೆ ಇದರ ಕಾರಣ ಹೊಳೆಯುತ್ತದೆ. ದಟ್ಟ ಕಾಡು, ಮರದ ಮೇಲೆ ಅಟ್ಟಣಿಗೆ, ರಾತ್ರಿ ಹೊತ್ತು, ಕೈಯಲ್ಲಿ ಟಾರ್ಚು. ಪ್ರಾಣಿ ಬರುವುದು ಹತ್ತಾರು ಗಜದೊಳಗೆ. ಅಂಥ ಕಡೆ 60 ಪಟ್ಟು ಹಿಗ್ಗಿಸುವ ಗಾಜಿಗೆ ಏನು ಕೆಲಸ? ಸ್ಕೋಪು ಬೇಕಾಗುವುದು ಬಯಲಿನಲ್ಲಿ, ಬೋಳು ಗುಡ್ಡದಲ್ಲಿ, ನೀರಿನ ಹರವಿನಲ್ಲಿ.

ಗಾಜು ಬೆಳೆದು ಬಂದ ದಾರಿ

1608ರಲ್ಲಿ ಹಾಲೆಂಡಿನ ಕನ್ನಡಕದ ಕಸುಬುದಾರ ಹಾನ್ಸ್ ಲಿಪ್ಪರ್ಶೇ ದೂರದರ್ಶಕಕ್ಕೆ ಪೇಟೆಂಟ್ ಕೇಳಿದ. 1758ರಲ್ಲಿ ಲಂಡನ್ನಿನ ಜಾನ್ ಡಾಲಂಡ್ ಎರಡು ಬಗೆಯ ಗಾಜನ್ನು ಜೋಡಿಸಿ ಬಣ್ಣ ಒಡೆಯದ ಮಸೂರಕ್ಕೆ ಪೇಟೆಂಟ್ ಪಡೆದ. ಆಮೇಲೆ ಬಂದ ಹಿತ್ತಾಳೆಯ ದುರ್ಬೀನುಗಳು, ಎಳೆದರೆ ಉದ್ದವಾಗಿ ತಳ್ಳಿದರೆ ಗಿಡ್ಡವಾಗುವಂಥವು, ಸ್ಕಾಟ್ಲೆಂಡಿನ ಜಿಂಕೆ ಬೇಟೆಯವರ ಕೈಯಲ್ಲಿ ಪಳಗಿದವು. ಅಂಗಾತ ಮಲಗಿ, ಮಂಡಿಗೆ ದುರ್ಬೀನು ಒರಗಿಸಿ, ಗಂಟೆಗಟ್ಟಲೆ ಎದುರಿನ ಗುಡ್ಡವನ್ನು ಶೋಧಿಸುವುದು ಅವರ ಕ್ರಮ. 1900ರಲ್ಲಿ ಬೋಯರ್ ಯುದ್ಧಕ್ಕೆಂದು ಲಾರ್ಡ್ ಲೋವಟ್ ಕಟ್ಟಿದ ಲೋವಟ್ ಸ್ಕೌಟ್ಸ್ ಪಡೆಗೆ ಸೇರಿದ್ದು ಇಂಥ ಜನವೇ.

ಇಟಲಿಯ ಪೊರೋ 1854ರಲ್ಲಿ ಪಟ್ಟಕದ ವ್ಯವಸ್ಥೆಗೆ ಪೇಟೆಂಟ್ ಪಡೆದ ಮೇಲೆ ಉದ್ದದ ಕೊಳವೆ ಗಿಡ್ಡವಾಗುವ ದಾರಿ ತೆರೆಯಿತು. ಅದಕ್ಕಿಂತ ದೊಡ್ಡ ಬದಲಾವಣೆ ತಂದದ್ದು ಕಣ್ಣಿಗೆ ಕಾಣದ ಒಂದು ಲೇಪ. ಲೇಪವಿಲ್ಲದ ಗಾಜಿನ ಒಂದೊಂದು ಮೈಯೂ ಸುಮಾರು ಶೇ. 4ರಷ್ಟು ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ. ಇಂಥ ಹನ್ನೆರಡು ಮೈಗಳನ್ನು ದಾಟುವಷ್ಟರಲ್ಲಿ ಬೆಳಕು ಶೇ. 61ಕ್ಕೆ ಇಳಿದಿರುತ್ತದೆ. 1935ರಲ್ಲಿ ಜರ್ಮನಿಯ ಜೈಸ್ ಕಂಪನಿಯಲ್ಲಿ ಅಲೆಕ್ಸಾಂಡರ್ ಸ್ಮಾಕುಲ ಪ್ರತಿಫಲನ ತಡೆಯುವ ಲೇಪ ಕಂಡುಹಿಡಿದರು. ಇಂದಿನ ಸ್ಕೋಪಿನ ಡಬ್ಬಿಯ ಮೇಲೆ ‘ಫುಲ್ಲಿ ಮಲ್ಟಿಕೋಟೆಡ್’ ಎಂದು ಬರೆದಿದ್ದರೆ ಎಲ್ಲ ಮೈಗಳಿಗೂ ಹಲವು ಪದರ ಲೇಪವಿದೆ ಎಂದರ್ಥ. ಬರೀ ‘ಕೋಟೆಡ್’ ಎಂದಿದ್ದರೆ ಆ ಡಬ್ಬಿಯನ್ನು ಅಲ್ಲೇ ಇಟ್ಟು ಬರಬಹುದು.

ಅಂಕಸಮುದ್ರ ಮತ್ತು ಹಿನ್ನೀರು

ಅಂಕಸಮುದ್ರ ಶತಮಾನಗಳ ಹಿಂದೆ ನೀರಾವರಿಗೆಂದು ಕಟ್ಟಿದ ಊರ ಕೆರೆ. ವಿಸ್ತಾರ 98.76 ಹೆಕ್ಟೇರ್. 2017ರಲ್ಲಿ ರಾಜ್ಯ ಸರ್ಕಾರ ಇದನ್ನು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು. ಅಭಯಾರಣ್ಯಕ್ಕಿಂತ ಇದು ಬೇರೆ ಬಗೆ. ಸರ್ಕಾರಿ ಜಾಗವನ್ನು ಸ್ಥಳೀಯರ ಜೊತೆ ಮಾತಾಡಿ ಮೀಸಲಿಡುವ ಈ ವ್ಯವಸ್ಥೆ 2002ರ ತಿದ್ದುಪಡಿಯಿಂದ ಬಂತು. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ, ಗದಗ ಜಿಲ್ಲೆಯ ಮಾಗಡಿ ಕೆರೆಯ ಜೊತೆಗೆ ಅಂಕಸಮುದ್ರವೂ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿ ಸೇರಿತು. ಅದಕ್ಕೆ ಮುಂಚೆ ರಾಜ್ಯದಿಂದ ಆ ಪಟ್ಟಿಯಲ್ಲಿದ್ದದ್ದು ರಂಗನತಿಟ್ಟು ಒಂದೇ. ರಾಮ್ಸರ್ ದಾಖಲೆಯ ಪ್ರಕಾರ ಇಲ್ಲಿ ಗೂಡು ಕಟ್ಟುವ, ರಾತ್ರಿ ತಂಗುವ ನೀರುಹಕ್ಕಿಗಳು 30,000ಕ್ಕೂ ಹೆಚ್ಚು. ಬಣ್ಣದ ಕೊಕ್ಕರೆ ಮತ್ತು ಕರಿತಲೆ ಕೆಂಬರಲುಗಳ ಲೆಕ್ಕದಲ್ಲಿ ಈ ಕೆರೆಗೆ ವಿಶೇಷ ಸ್ಥಾನವಿದೆ.

ನೀರಿನ ನಡುವೆ ನಿಂತ ಕರಿಜಾಲಿ ಮರಗಳೇ ಇಲ್ಲಿನ ಗೂಡಿನ ತಾಣ. ಏರಿಯ ಮೇಲಿಂದ ಬೈನಾಕ್ಯುಲರ್ ಹಿಡಿದರೆ ಕೊಕ್ಕರೆ ಯಾವುದು, ನೀರುಕಾಗೆ ಯಾವುದು, ಬಾಯ್ಕಳಕ ಯಾವುದು ಎಂದು ತಿಳಿಯುತ್ತದೆ, ಅಷ್ಟಕ್ಕೆ ಅದು ಸಾಕು. ಸ್ಕೋಪಿನಲ್ಲಿ 30 ಪಟ್ಟಿಗೆ ಇಟ್ಟು ಒಂದು ಗೂಡನ್ನು ಹಿಡಿದರೆ ದೃಶ್ಯವೇ ಬೇರೆ. ಉರಿಬಿಸಿಲಿಗೆ ಬೆನ್ನು ಕೊಟ್ಟು, ರೆಕ್ಕೆ ಅರೆತೆರೆದು, ಮರಿಗಳ ಮೇಲೆ ನೆರಳು ಬೀಳುವಂತೆ ನಿಂತ ತಾಯಿ ಕೊಕ್ಕರೆ. ಬಾಲದ ಹತ್ತಿರದ ಗುಲಾಬಿ ಗರಿ. ಮೂತಿಗೆ ಇನ್ನೂ ಬಣ್ಣ ಹತ್ತದ ಬೂದು ಮರಿ, ಬಾಯಿ ತೆರೆದು ಏದುಸಿರು ಬಿಡುವುದು. ಇಷ್ಟನ್ನೂ ಏರಿ ಬಿಟ್ಟು ಇಳಿಯದೆ ನೋಡಬಹುದು. ಗೂಡಿನ ಹತ್ತಿರ ಹೋದರೆ ತಾಯಿ ಹಾರುತ್ತದೆ, ಆ ಬಿಸಿಲಿನಲ್ಲಿ ಮರಿಗಳು ಬಹಳ ಹೊತ್ತು ತಾಳುವುದಿಲ್ಲ. ದೂರದಿಂದ ನೋಡುವ ಸಾಧನಕ್ಕೆ ಇಲ್ಲಿ ಬೆಲೆ ಬರುವುದು ಹೀಗೆ.

ಹಿನ್ನೀರಿನದು ಇನ್ನೊಂದು ಕತೆ. 1953ರಲ್ಲಿ ತುಂಬಿದ ತುಂಗಭದ್ರಾ ಜಲಾಶಯದ ಹರವು 378 ಚದರ ಕಿಲೋಮೀಟರ್. ಮಳೆಗಾಲ ಕಳೆದು ನೀರು ಹಿಂದೆ ಸರಿದಂತೆ ಸಪಾಟಾದ ಕೆಸರು ನೆಲ ಹೊರಬೀಳುತ್ತದೆ. ಹಕ್ಕಿಗಳು ನೀರಿನ ಅಂಚಿನಲ್ಲಿರುತ್ತವೆ, ನಾವು ಒಣನೆಲದಲ್ಲಿರುತ್ತೇವೆ, ನಡುವೆ ಕಾಲಿಟ್ಟರೆ ಹೂತುಹೋಗುವ ಕೆಸರು. ಬೈನಾಕ್ಯುಲರಿನಲ್ಲಿ ಬಿಳಿ ಚುಕ್ಕೆ, ಬೂದು ಚುಕ್ಕೆ ಕಂಡರೆ ಹೆಚ್ಚು. ಲಿಟಲ್ ಸ್ಟಿಂಟ್ ಮತ್ತು ಟೆಮ್ಮಿಂಕ್ಸ್ ಸ್ಟಿಂಟ್ ಎಂಬ ಎರಡು ಸಣ್ಣ ವಲಸೆ ಹಕ್ಕಿಗಳನ್ನು ಬೇರೆ ಮಾಡುವುದು ಕಾಲಿನ ಬಣ್ಣದಿಂದ: ಮೊದಲನೆಯದಕ್ಕೆ ಕಪ್ಪು, ಎರಡನೆಯದಕ್ಕೆ ಹಳದಿ ಹಸಿರು. ಗುಬ್ಬಿಯಷ್ಟಿರುವ ಹಕ್ಕಿಯ ಕಡ್ಡಿಕಾಲಿನ ಬಣ್ಣ ಹೇಳಬೇಕೆಂದರೆ ಸ್ಕೋಪು ಬೇಕೇ ಬೇಕು. ಮಂಗೋಲಿಯಾದಲ್ಲಿ ಕೊರಳಿಗೆ ಹಸಿರು ಪಟ್ಟಿ ತೊಡಿಸಿ ಬಿಟ್ಟ ಪಟ್ಟೆತಲೆ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಪಟ್ಟಿಯ ಮೇಲಿನ ಅಕ್ಷರ ಓದಿದವರು ಆ ಹಕ್ಕಿ ಎಲ್ಲಿಂದ ಬಂತೆಂದು ಹೇಳಬಲ್ಲರು. ಓದಲಾಗದಿದ್ದರೆ ಅದೂ ಹಿಂಡಿನೊಳಗಿನ ಇನ್ನೊಂದು ಹೆಬ್ಬಾತು, ಅಷ್ಟೆ. ಪ್ರತಿ ಜನವರಿಯಲ್ಲಿ ನಡೆಯುವ ಏಷ್ಯಾದ ನೀರುಹಕ್ಕಿ ಗಣತಿ 1987ರಿಂದ ನಡೆದುಬಂದಿದೆ. ಹಿನ್ನೀರಿನಂಥ ಕಡೆ ಅದು ಸ್ಕೋಪಿಲ್ಲದೆ ಬರೀ ಅಂದಾಜಿನ ಲೆಕ್ಕವಾಗಿಬಿಡುತ್ತದೆ.

ಅಂಕಿಗಳನ್ನು ಓದುವ ಬಗೆ

ಸ್ಕೋಪಿನ ಮೈಮೇಲೆ 20–60×80 ಎಂದಿರುತ್ತದೆ. ಮೊದಲೆರಡು ಅಂಕಿ ಎಷ್ಟು ಪಟ್ಟು ಹಿಗ್ಗುತ್ತದೆ ಎಂಬುದು, ಕೊನೆಯದು ಮುಂದಿನ ಮಸೂರದ ಅಗಲ, ಮಿಲಿಮೀಟರಿನಲ್ಲಿ. ಹೊಸಬರ ಕಣ್ಣು ಬೀಳುವುದು 60ರ ಮೇಲೆ, ಕಂಪನಿಗೂ ಅದೇ ಬೇಕು. ನೋಡಬೇಕಾದ ಅಂಕಿ 80.

ಮಸೂರದ ಅಗಲವನ್ನು ಪಟ್ಟಿನಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಂಬದ ದಪ್ಪ ಸಿಗುತ್ತದೆ. 80 ಮಿ.ಮೀ. ಸ್ಕೋಪಿನಲ್ಲಿ 20 ಪಟ್ಟಿಗೆ ಇದು 4 ಮಿ.ಮೀ., 60 ಪಟ್ಟಿಗೆ 1.3 ಮಿ.ಮೀ. ಮುಂಜಾವಿನಲ್ಲಿ ನಮ್ಮ ಕಣ್ಣಿನ ಪಾಪೆ 5 ಮಿ.ಮೀ.ವರೆಗೂ ಅರಳಿರುತ್ತದೆ, ಹರೆಯದವರಲ್ಲಿ ಇನ್ನೂ ಹೆಚ್ಚು. ಆಗ 60 ಪಟ್ಟಿಗೆ ತಿರುಗಿಸಿದರೆ ಹಕ್ಕಿ ದೊಡ್ಡದಾಗುತ್ತದೆ, ಜೊತೆಗೆ ಮಂಕಾಗುತ್ತದೆ. ಬಳ್ಳಾರಿ ಸೀಮೆಯ ದರೋಜಿ ಕರಡಿಧಾಮದ ವೀಕ್ಷಣಾ ಗೋಪುರದಲ್ಲಿ ಕೂತವರಿಗೆ ಇದರ ಅನುಭವವಿದೆ. ಎದುರಿನ ಕರಡಿಕಲ್ಲು ಗುಡ್ಡದ ಬಂಡೆಗಳಿಗೆ ಕರಡಿಗಳು ಬರುವುದು ಇಳಿಹೊತ್ತಿನಲ್ಲಿ. ಕಪ್ಪು ಪ್ರಾಣಿ, ನೆರಳು ಬಿದ್ದ ಬಂಡೆ, ಕುಂದುತ್ತಿರುವ ಬೆಳಕು. ಆಗ ಕೈಹಿಡಿಯುವುದು 20–25 ಪಟ್ಟು ಮಾತ್ರ. ಬೇಟೆಗಾರರು ಕತ್ತಲಾಗುವ ಹೊತ್ತಿನ ಸ್ಪಷ್ಟತೆಗೆ ಅಷ್ಟು ಮಹತ್ವ ಕೊಡುವುದೂ ಇದಕ್ಕೇ.

ಹಿಗ್ಗುವಿಕೆಗೆ ಇನ್ನೊಂದು ಕಡಿವಾಣವಿದೆ. ಮಸೂರ ಎಷ್ಟು ಅಗಲವೋ ಅಷ್ಟೇ ಸೂಕ್ಷ್ಮ ವಿವರವನ್ನು ಅದು ಬಿಡಿಸಬಲ್ಲದು. 80 ಮಿ.ಮೀ. ಮಸೂರ ಎಲ್ಲವೂ ಸರಿಯಿದ್ದರೆ ಒಂದು ಕಿಲೋಮೀಟರಿನಲ್ಲಿ ಸುಮಾರು 7 ಮಿಲಿಮೀಟರ್ ಅಂತರದ ಎರಡು ಚುಕ್ಕೆಗಳನ್ನು ಬೇರೆಬೇರೆಯಾಗಿ ತೋರಿಸಬಹುದು. ಆ ವಿವರ ಸಾಧಾರಣ ಕಣ್ಣಿಗೆ ಸಿಗಲು 40 ಪಟ್ಟು ಸಾಕಾಗುತ್ತದೆ. ಮುಂದಿನ 20 ಪಟ್ಟಿನಲ್ಲಿ ಗಾತ್ರ ಹೆಚ್ಚುತ್ತದೆ, ವಿವರ ಹೆಚ್ಚುವುದು ಕಡಿಮೆ. ನೋಟದ ಅಗಲವೂ ಕುಗ್ಗುತ್ತದೆ: ಒಂದು ಕಿಲೋಮೀಟರಿನಲ್ಲಿ 20 ಪಟ್ಟಿಗೆ 35 ಮೀಟರ್ ಆಸುಪಾಸು ಕಂಡರೆ 60 ಪಟ್ಟಿಗೆ ಅದರ ಅರ್ಧ. ಹಿಂಡಿನಲ್ಲಿ ಹಿಡಿದ ಹಕ್ಕಿ ನಾಲ್ಕು ಹೆಜ್ಜೆ ಇಟ್ಟರೆ ಮತ್ತೆ ಹುಡುಕಬೇಕು.

ಬಳ್ಳಾರಿ ಸೀಮೆಯಲ್ಲಿ ಈ ಮಿತಿಗಳಿಗಿಂತ ಮೊದಲು ಅಡ್ಡ ಬರುವುದು ಬಿಸಿಲು. ನೆಲ ಕಾದು, ಬಿಸಿಗಾಳಿ ಅಲೆಅಲೆಯಾಗಿ ಏಳುತ್ತದೆ. ಬರಿಗಣ್ಣಿಗೆ ಬಿಸಿಲ್ಗುದುರೆಯಾಗಿ ಕಾಣುವುದು ಸ್ಕೋಪಿನಲ್ಲಿ ಕುದಿಯುವ ನೀರಿನ ತಳ ನೋಡಿದಂತಾಗುತ್ತದೆ. ಬೇಸಿಗೆಯಲ್ಲಿ ಬೆಳಿಗ್ಗೆ ಒಂಬತ್ತು ಹತ್ತರ ಮೇಲೆ 40 ಪಟ್ಟೂ ದಂಡ. ನಾಲ್ಕು ಲಕ್ಷದ ಗಾಜೂ ಇದಕ್ಕೆ ಏನೂ ಮಾಡಲಾರದು. ಬೆಳಗಿನ ಆರು ಗಂಟೆಯ ಸಾಧಾರಣ ಸ್ಕೋಪು ಹನ್ನೊಂದು ಗಂಟೆಯ ದುಬಾರಿ ಸ್ಕೋಪಿಗಿಂತ ಚೆನ್ನಾಗಿ ತೋರಿಸುತ್ತದೆ. ಈ ಸೀಮೆಯಲ್ಲಿ ದುಡ್ಡು ಉಳಿಸುವ ಮೊದಲ ಉಪಾಯ ಬೇಗ ಏಳುವುದು.

ಆಯ್ಕೆ

ಬೇಟೆಗೆ ಅನುಮತಿಯಿರುವ ದೇಶಗಳಲ್ಲಿ ಬೇಟೆಗಾರ ಸ್ಕೋಪನ್ನು ಬೆನ್ನಿಗೆ ಹಾಕಿಕೊಂಡು ಗುಡ್ಡ ಹತ್ತಬೇಕು. ಆದ್ದರಿಂದ 50–65 ಮಿ.ಮೀ.ನ ಹಗುರ ಸ್ಕೋಪು, ಹಿಂಬದಿ ನೇರವಾಗಿರುವುದು ಅವನಿಗೆ ಅನುಕೂಲ. ಜಿಂಕೆಯ ಕೊಂಬು, ವಯಸ್ಸು ದೂರದಿಂದಲೇ ಅಂದಾಜಾದರೆ ಒಂದು ಕಣಿವೆ ಇಳಿದು ಹತ್ತುವುದು ತಪ್ಪುತ್ತದೆ. ಕೆರೆದಂಡೆಯವರಿಗೆ ಲೆಕ್ಕ ತಿರುಗುಮುರುಗು. ಜೀಪಿನಿಂದಲೋ ಬೈಕಿನಿಂದಲೋ ಇಳಿದು ಏರಿಯ ಮೇಲೆ ನಿಂತು ನೋಡುವವರಿಗೆ 80 ಮಿ.ಮೀ.ನ ತೂಕ, ಒಂದೂವರೆ ಎರಡು ಕಿಲೋ, ಹೊರೆಯಲ್ಲ. ಕಣ್ಣಿಡುವ ತುದಿ 45 ಡಿಗ್ರಿ ಬಾಗಿದ್ದರೆ ಇನ್ನೂ ಒಳ್ಳೆಯದು. ಬಗ್ಗಿ ನೋಡುವುದರಿಂದ ಉದ್ದನೆಯ ಮೇಷ್ಟ್ರಿಗೂ ಆರನೇ ಕ್ಲಾಸಿನ ಹುಡುಗಿಗೂ ಒಂದೇ ಎತ್ತರ ಹೊಂದುತ್ತದೆ, ಟ್ರೈಪಾಡನ್ನು ತಗ್ಗಿಸಿ ನಿಲ್ಲಿಸಬಹುದು. ನೇರ ಸ್ಕೋಪಿನಲ್ಲಿ ಹಕ್ಕಿಯನ್ನು ಹುಡುಕುವುದು ಸಲೀಸು, ಕಾರಿನ ಕಿಟಕಿಗೆ ಅದೇ ಒಗ್ಗುತ್ತದೆ.

ದುಡ್ಡಿನ ದೃಷ್ಟಿಯಿಂದ ಮಾರುಕಟ್ಟೆಯಲ್ಲಿ ಮೂರು ಮಟ್ಟಗಳಿವೆ. ಹತ್ತು ಹದಿನೈದು ಸಾವಿರದ ಸುತ್ತ ಸಿಗುವವು ಸಾಮಾನ್ಯ ಗಾಜಿನವು. ಚೀನಾದ ಎಸ್‌ವಿಬೋನಿಯ ಆರಂಭದ ಮಾದರಿಗಳು, ಸೆಲೆಸ್ಟ್ರಾನ್, ಬುಶ್‌ನೆಲ್‌ನ ಅಗ್ಗದ ಮಾದರಿಗಳು ಈ ಗುಂಪಿನವು. 20–30 ಪಟ್ಟಿನವರೆಗೆ ಮೋಸವಿಲ್ಲ, ಮೇಲೆ ಹೋದಂತೆ ಬಿಂಬ ಹಾಲು ಬೆರೆಸಿದಂತಾಗುತ್ತದೆ. ತುದಿಯಲ್ಲಿ ಆಸ್ಟ್ರಿಯಾದ ಸ್ವರೋವ್‌ಸ್ಕಿ, ಜರ್ಮನಿಯ ಲೈಕಾ ಮತ್ತು ಜೈಸ್, ಜಪಾನಿನ ಕೋವಾ. ಅಲ್ಲಿ ಮಾತು ಲಕ್ಷಗಳಲ್ಲಿ. ಈ ಎರಡರ ನಡುವೆ ಇ.ಡಿ. ಗಾಜಿನ ಸ್ಕೋಪುಗಳಿವೆ: ನಿಕಾನ್, ವೋರ್ಟೆಕ್ಸ್, ಸೆಲೆಸ್ಟ್ರಾನ್‌ನ ಮೇಲಿನ ಸಾಲು, ಎಸ್‌ವಿಬೋನಿಯ ಇ.ಡಿ. ಮಾದರಿಗಳು. ಕೊಟ್ಟ ದುಡ್ಡಿಗೆ ಹೆಚ್ಚು ಫಲ ಸಿಗುವುದು ಈ ನಡುವಿನಲ್ಲಿಯೇ. ಇ.ಡಿ. ಗಾಜು ಬಣ್ಣಗಳನ್ನು ಒಂದೆಡೆ ಕೂಡಿಸುತ್ತದೆ. ಅದಿಲ್ಲದ ಸ್ಕೋಪಿನಲ್ಲಿ ಕಡು ಹಿನ್ನೆಲೆಯೆದುರಿನ ಬೆಳ್ಳಕ್ಕಿಯ ಅಂಚಿಗೆ ನೇರಳೆ ಗೆರೆ ಬಳಿದಂತಿರುತ್ತದೆ. ಬಿಳಿಹಕ್ಕಿಗಳೇ ತುಂಬಿರುವ ಕೆರೆಯಲ್ಲಿ ಇದು ಸಣ್ಣ ಕೊರತೆಯಲ್ಲ. ಕಂದು ಜಿಂಕೆಯನ್ನು ಕಂದು ಗುಡ್ಡದಲ್ಲಿ ನೋಡುವ ಬೇಟೆಗಾರನಿಗೆ ಇದು ಅಷ್ಟಾಗಿ ಕಾಡದು.

ಕನ್ನಡಕ ಹಾಕುವವರು ಇನ್ನೊಂದನ್ನು ಕೇಳಬೇಕು: ಗಾಜಿನಿಂದ ಕಣ್ಣು ಎಷ್ಟು ದೂರದವರೆಗೆ ಇದ್ದರೆ ಪೂರ್ತಿ ಬಿಂಬ ಕಾಣುತ್ತದೆ ಎಂದು. ಆ ದೂರ 15 ಮಿ.ಮೀ.ಗಿಂತ ಕಡಿಮೆಯಿದ್ದರೆ ಕನ್ನಡಕದ ಹಿಂದಿನ ಕಣ್ಣಿಗೆ ಕಾಣುವುದು ಕಿಂಡಿಯಷ್ಟೆ. ಅಮೆರಿಕದಿಂದ ಬರುವ ನೆಂಟರ ಕೈಲಿ ತರಿಸುವುದು ನಮ್ಮಲ್ಲಿ ರೂಢಿ. ಬೆಲೆ ಇಳಿಯಬಹುದು, ಆದರೆ ವಾರಂಟಿ ಇಲ್ಲಿ ನಡೆಯುತ್ತದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಬೇಕು.

ಕೊಳ್ಳುವಾಗಿನ ಪರೀಕ್ಷೆಗೆ ಲ್ಯಾಬು ಬೇಡ. ದಿನಪತ್ರಿಕೆಯ ಒಂದು ಪುಟವನ್ನು ಗೋಡೆಗೆ ಅಂಟಿಸಿ 30 ಮೀಟರ್ ಹಿಂದೆ ಬನ್ನಿ. 30 ಪಟ್ಟಿನಲ್ಲಿ ಪುಟ ಒಂದು ಮೀಟರ್ ದೂರದಲ್ಲಿ ಇಟ್ಟಂತಿರುತ್ತದೆ, 60ರಲ್ಲಿ ಅರ್ಧ ಮೀಟರ್. ತಲೆಬರಹ ಯಾವ ಸ್ಕೋಪಿನಲ್ಲೂ ಕಾಣುತ್ತದೆ. ಸುದ್ದಿಯ ಸಣ್ಣಕ್ಷರದ ಕೆಳಗಿನ ಒತ್ತುಗಳನ್ನು ನೋಡಿ. ‘ಷ್ಟ’ದ ಒತ್ತಿನ ಒಳಗಿನ ಬಿಳಿ ಬಿಡುವು, ಅರ್ಕಾವತ್ತಿನ ಕೊಂಡಿ ಬಿಡಿಬಿಡಿಯಾಗಿ ಕಂಡರೆ ಗಾಜು ಪಾಸು. 60ಕ್ಕೆ ತಿರುಗಿಸಿದಾಗ ಒತ್ತುಗಳು ದಪ್ಪವಾಗಿ ಒಂದಕ್ಕೊಂದು ಅಂಟಿಕೊಂಡರೆ ಆ ಸ್ಕೋಪಿನ ನಿಜವಾದ ಮೇಲ್ಮಿತಿ ಅದಕ್ಕಿಂತ ಕೆಳಗಿದೆ. ಆಮೇಲೆ ಆಕಾಶದೆದುರಿನ ಮೊಬೈಲ್ ಟವರಿನ ಅಂಚಿನಲ್ಲಿ ನೇರಳೆ ಗೆರೆ ಹುಡುಕಿ. ರಾತ್ರಿ ಒಂದು ಪ್ರಕಾಶಮಾನ ನಕ್ಷತ್ರವನ್ನು ಹಿಡಿದು ಫೋಕಸ್ಸನ್ನು ಆಚೀಚೆ ಸ್ವಲ್ಪ ಕೆಡಿಸಿ ನೋಡಿ. ಎರಡೂ ಕಡೆ ದುಂಡನೆಯ ಉಂಗುರ ಕಂಡರೆ ಮಸೂರಗಳು ಸರಿಯಾಗಿ ಕೂತಿವೆ. ಒಂದು ಪಕ್ಕಕ್ಕೆ ಬಾಲ ಬಂದರೆ ವಾಪಸ್ ಕೊಡಿ. ಒಂದೇ ಮಾದರಿಯ ಎರಡು ಸ್ಕೋಪುಗಳಲ್ಲಿ ಒಂದು ಚೊಕ್ಕ, ಇನ್ನೊಂದು ಮಬ್ಬು ಆಗಿರುವುದು ಅಗ್ಗದ ಮಟ್ಟದಲ್ಲಿ ಅಪರೂಪವಲ್ಲ. ವಾಪಸ್ ತೆಗೆದುಕೊಳ್ಳುವ ಅಂಗಡಿಯಲ್ಲಿ ಕೊಳ್ಳಬೇಕೆನ್ನುವುದು ಅದಕ್ಕೇ.

ಟ್ರೈಪಾಡಿಗೆ ದುಡ್ಡು ಉಳಿಸದೆ ಕೊನೆಗೆ ಬಿಟ್ಟಿ ಸಿಕ್ಕ ಕಡ್ಡಿಕಾಲಿನ ಸ್ಟ್ಯಾಂಡಿನ ಮೇಲೆ ಸ್ಕೋಪು ಕೂರಿಸುವವರೇ ಹೆಚ್ಚು. 40 ಪಟ್ಟಿನಲ್ಲಿ ಹಕ್ಕಿ ಎಷ್ಟು ಹಿಗ್ಗುತ್ತದೋ ನಡುಕವೂ ಅಷ್ಟೇ ಹಿಗ್ಗುತ್ತದೆ. ಹಿನ್ನೀರಿನ ದಂಡೆಯಲ್ಲಿ ಗಾಳಿಗೆ ತಡೆ ಎಂಬುದಿಲ್ಲ. ಒಟ್ಟು ದುಡ್ಡಿನಲ್ಲಿ ಕಾಲು ಭಾಗವನ್ನಾದರೂ ಟ್ರೈಪಾಡಿಗೆ, ನಯವಾಗಿ ತಿರುಗುವ ವೀಡಿಯೊ ಹೆಡ್ಡಿಗೆ ಎತ್ತಿಡುವುದು ಲೇಸು. ಮದುವೆ ವೀಡಿಯೊದವರು ಮಾರುವ ಹಳೇ ಟ್ರೈಪಾಡುಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿರುತ್ತವೆ. ನಡುಗಂಬವನ್ನು ಮೇಲೆತ್ತದೆ, ಬ್ಯಾಗನ್ನು ಅದರ ಕೊಕ್ಕೆಗೆ ನೇತುಹಾಕಿದರೆ ಇನ್ನಷ್ಟು ಗಟ್ಟಿ.

ಕ್ಯಾಮೆರಾದ ಪೈಪೋಟಿ

ಇಷ್ಟೆಲ್ಲ ಉಪಯೋಗವಿದ್ದರೂ ಕರ್ನಾಟಕದ ಕೆರೆಗಳಲ್ಲಿ ಸ್ಕೋಪು ಕಾಣುವುದು ಅಪರೂಪ. ಇಲ್ಲಿ ಹಕ್ಕಿ ನೋಡುವವರು ಬಹುಬೇಗ ಹಕ್ಕಿ ಫೋಟೊದವರಾಗುತ್ತಾರೆ. 2015ರಲ್ಲಿ ಬಂದ ನಿಕಾನ್ ಪಿ900 ಕ್ಯಾಮೆರಾಕ್ಕೆ 83 ಪಟ್ಟು ಜೂಮ್, 2018ರ ಪಿ1000ಕ್ಕೆ 125 ಪಟ್ಟು. ಅದೇ ದುಡ್ಡಿಗೆ ಚಿತ್ರವೂ ಸಿಗುವಾಗ ಸ್ಕೋಪೇಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಗುರುತಿಗೆ ಸಾಕ್ಷಿ ಬೇಕಾದವರಿಗೆ ಕ್ಯಾಮೆರಾ ಮೇಲು. ಸಾವಿರಗಟ್ಟಲೆ ಹಕ್ಕಿ ಎಣಿಸುವವರಿಗೆ, ಒಂದು ಗೂಡನ್ನು ಅರ್ಧ ದಿನ ನೋಡುವವರಿಗೆ, ಶಾಲೆಯ ಇಡೀ ತರಗತಿಗೆ ಸರದಿಯಲ್ಲಿ ತೋರಿಸುವವರಿಗೆ ಸ್ಕೋಪಿಗೆ ಸಮ ಇಲ್ಲ. ಎರಡನ್ನೂ ಕೂಡಿಸುವ ದಾರಿಯೂ ಇದೆ. 1999ರಲ್ಲಿ ಮಲೇಷ್ಯಾದ ಲಾರೆನ್ಸ್ ಪೋ ಸಣ್ಣ ಡಿಜಿಟಲ್ ಕ್ಯಾಮೆರಾವನ್ನು ಸ್ಕೋಪಿನ ಕಣ್ಣಿಗೆ ಹಿಡಿದು ತೆಗೆದ ಚಿತ್ರಗಳಿಂದ ಡಿಜಿಸ್ಕೋಪಿಂಗ್ ಹೆಸರಾಯಿತು. ಈಗ ಆ ಕೆಲಸವನ್ನು ಮೊಬೈಲು, ಅದನ್ನು ಸ್ಕೋಪಿಗೆ ಕಚ್ಚಿಸುವ ಒಂದು ಪ್ಲಾಸ್ಟಿಕ್ ಹಿಡಿ ಮಾಡುತ್ತವೆ. ಹೆಬ್ಬಾತಿನ ಕೊರಳಪಟ್ಟಿಯ ಅಕ್ಷರ ದಾಖಲಿಸಲು ಅಷ್ಟು ಸಾಕು.

ಜೋಪಾನ

ಮಲೆನಾಡಿನಲ್ಲಿ ಸ್ಕೋಪಿಗೆ ಶತ್ರು ಬೂಷ್ಟು, ಇಲ್ಲಿ ಧೂಳು. ಹೆಗಲ ಮೇಲಿನ ಟವೆಲ್ಲಿನ ತುದಿಯಿಂದ ಮಸೂರ ಒರೆಸಿದರೆ ಧೂಳಿನ ಹರಳುಗಳು ಲೇಪವನ್ನು ಗೀರುತ್ತವೆ, ಒಂದು ಬೇಸಿಗೆಯಲ್ಲಿಯೇ ಗಾಜು ಮಂಕಾಗುತ್ತದೆ. ಮೊದಲು ರಬ್ಬರ್ ಬಲ್ಬಿನಿಂದ ಊದಿ, ಮೆತ್ತನೆ ಬ್ರಶ್ಶಿನಿಂದ ಹಾಯಿಸಿ, ಕೊನೆಗಷ್ಟೇ ಲೆನ್ಸ್ ಬಟ್ಟೆ. ಮೇ ತಿಂಗಳಲ್ಲಿ ಮುಚ್ಚಿದ ಕಾರಿನೊಳಗೆ ಬಿಟ್ಟರೆ ಫೋಕಸ್ ತಿರುಪಿನ ಗ್ರೀಸ್ ಕರಗಿ ಒಳಗೆ ಹರಿಯಬಹುದು. ಒಳ್ಳೆಯ ಸ್ಕೋಪುಗಳಲ್ಲಿ ಒಳಗೆ ಮಂಜು ಕಟ್ಟದಿರಲೆಂದು ನೈಟ್ರೋಜನ್ ತುಂಬಿ ಸೀಲ್ ಮಾಡಿರುತ್ತಾರೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮುಂದಿನ ಮಸೂರದಿಂದ ಟಾರ್ಚ್ ಬಿಟ್ಟು ಒಳಗೆ ಜೇಡರಬಲೆಯಂಥ ಬೂಷ್ಟಿನ ಎಳೆಗಳಿವೆಯೇ, ತಿರುಪುಗಳ ತಲೆ ತಿಂದುಹೋಗಿದೆಯೇ ಎಂದು ನೋಡಬೇಕು. ತಿಂದುಹೋಗಿದ್ದರೆ ಯಾರೋ ಒಮ್ಮೆ ಬಿಚ್ಚಿದ್ದಾರೆ, ಒಳಗಿನ ನೈಟ್ರೋಜನ್ ಹೋಗಿದೆ, ಪಟ್ಟಕವೂ ಜರುಗಿರಬಹುದು. ಅಂಥದ್ದನ್ನು ಅರ್ಧ ಬೆಲೆಗೆ ಕೊಟ್ಟರೂ ಕೊಳ್ಳುವಂತಿಲ್ಲ.